ಮಧ್ಯದ ತೂತು

ಮಷೀನು ಮುಟ್ಟಿದರೆ ಚುಮುಚುಮು ಅನ್ನುತ್ತಿತ್ತು,
ಜೋಮು ಬಿಡುವಾಗಿನ ಹಾಗೆ, ಇರುವೆ ಹರಿದ ಹಾಗೆ.
ಕೈ ಒದ್ದೆಯಾಗಿದ್ದರೆ ಇರುವೆಗೆ ಹಲ್ಲು ಬರುತ್ತಿತ್ತು.
ಮರದ ಸೌಟಿನಿಂದ ಮುಚ್ಚಳ ಎತ್ತುವುದು ಕಲಿತೆ,
ರಬ್ಬರ್ ಚಪ್ಪಲಿ ಇಲ್ಲದೆ ಬಟ್ಟೆ ಒಗೆಯದಿರುವುದು ಕಲಿತೆ.
ಒಂದು ವರ್ಷ ಹೀಗೇ ಹೋಯಿತು.

ಒಂದು ದಿನ ಎಲಿಯಾಸ್, ಮೂರು ವರ್ಷದವನು,
ಬರಿಗಾಲಲ್ಲಿ ಬಂದು ಮಷೀನು ತಬ್ಬಿಕೊಂಡು
"ಅಮ್ಮಾ, ಇದು ಹಾಡುತ್ತೆ" ಅಂದ.

ಆ ಸಂಜೆಯೇ ನೆಲಿದಾ ಕೋಲ್ಕೆಯನ್ನು ಕರೆಸಿದೆ.
ಇಪ್ಪತ್ತಾರು ವರ್ಷ ಗಣಿಯಲ್ಲಿ ಕೇಬಲ್ಲು ಎಳೆದವಳು.
ಎಡಗೈಯ ಎರಡು ಬೆರಳಿಗೆ ಉಗುರಿಲ್ಲ;
ಯಾಕೆಂದು ನಾನು ಕೇಳಲಿಲ್ಲ.
ಮೇನ್ ಸ್ವಿಚ್ಚು ಇಳಿಸಿದಳು,
ಇಳಿಸಿದ ಮೇಲೂ ಟೆಸ್ಟರು ಇಟ್ಟು ನೋಡಿದಳು.
"ಇಳಿಸಿದೆ ಅನ್ನೋ ಮಾತನ್ನ ನಂಬಬಾರದು,
ನಾನೇ ಹೇಳಿದ್ದಾದರೂ."

ನಮ್ಮ ಸಾಕೆಟ್ಟಿಗೆ ಒಂದೇ ಸಾಲಲ್ಲಿ ಮೂರು ದುಂಡು ತೂತು.
"ಒಂದು ಬದಿ ಕರೆಂಟು ತರುತ್ತೆ,
ಇನ್ನೊಂದು ಬದಿ ವಾಪಸು ಒಯ್ಯುತ್ತೆ.
ಮಧ್ಯದ್ದು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ.
ಅದಕ್ಕೇ ಜನ ಅದನ್ನ ಮೊದಲು ಕತ್ತರಿಸೋದು."

ನಾನು ಗಂಡನ ಮುಖ ನೋಡಿದೆ.
ಅವನು ಗೋಡೆಯ ಮುಖ ನೋಡಿದ.
ಎಕ್ಸ್‌ಟೆನ್ಶನ್ನಿಗೆ ಎರಡೇ ತೂತು ಅಂತ
ಈಸ್ಟರ್ ರಜೆಯಲ್ಲಿ ಗರಗಸ ತಂದು
ಪ್ಲಗ್ಗಿನ ನಡುಪಿನ್ನು ಕೊಯ್ದವನು ಅವನೇ.
ಆ ತುಂಡು ಇನ್ನೂ ಮೊಳೆ ಡಬ್ಬಿಯಲ್ಲಿದೆ.

ಹೊಸ ಪ್ಲಗ್ಗು ಹಾಕಿದರೂ ಸಾಲಲಿಲ್ಲ.
ಸಾಕೆಟ್ಟು ಬಿಚ್ಚಿ ಟಾರ್ಚು ಬಿಟ್ಟಳು:
ಎರಡೇ ತಂತಿ. ಮಧ್ಯದ ತೂತಿನ ಹಿಂದೆ
ಜೇಡದ ಬಲೆ, ಗಿಲಾವಿನ ಪುಡಿ.
ತೂತಿತ್ತು, ಅರ್ಥವಿರಲಿಲ್ಲ.
ಲೋಕಕ್ಕೆಲ್ಲ ತಾಮ್ರ ಅಗೆದು ಕಳಿಸುವ ಕಲಾಮಾದಲ್ಲಿ
ನಮ್ಮ ಗೋಡೆಯೊಳಗೆ ಒಂದು ಹಸಿರು ತಂತಿಗೆ ಗತಿಯಿಲ್ಲ.

ಹಿತ್ತಲಲ್ಲಿ ತಾಮ್ರದ ಸಲಾಕೆ ಹೊಡೆದಳು.
ನೆಲ ಖಣ್ ಅಂದಿತು, ಬೀದಿಯ ನಾಯಿಗಳೆಲ್ಲ ಬೊಗಳಿದವು.
ಮೀಟರು ಹಚ್ಚಿದಳು: ಒಂಬೈನೂರ ನಲವತ್ತು.
"ಈ ಮಣ್ಣು ಒಣಗಿ ಒಣಗಿ
ಇಸ್ಕೊಳ್ಳೋದನ್ನೇ ಮರೆತುಬಿಟ್ಟಿದೆ."
ಅಟಕಾಮ ಮರುಭೂಮಿ. ಇಲ್ಲಿ ಮಳೆಯ ಮಾತಾಡುವವರು ಪ್ರವಾಸಿಗಳು.
ನನ್ನಜ್ಜಿ ಎಂಬತ್ತೊಂದು ವರ್ಷ ಬದುಕಿ
ಕೊಡೆ ಬಿಚ್ಚಿದ್ದು ಬಿಸಿಲಿಗೆ ಮಾತ್ರ.

ಎರಡು ದಿನ ಅಗೆದೆವು. ಗಂಡನೇ ಅಗೆದ, ತುಟಿ ಬಿಚ್ಚದೆ.
ಬೆಂಟೊನೈಟ್ ಎಂಬ ಬೂದು ಹಿಟ್ಟು,
ನೀರಿಗೆ ಕಲಸಿದರೆ ಗಂಜಿಯಂತೆ ಉಬ್ಬುವುದು,
ಸಲಾಕೆಯ ಸುತ್ತ ಸುರಿದಳು.
ಮೇಲೊಂದು ಪೈಪು ನಿಲ್ಲಿಸಿದಳು, ಗಂಟಲಿನ ಹಾಗೆ.
"ಶನಿವಾರ ಶನಿವಾರ ಒಂದು ಬಕೆಟ್ಟು. ಮರೀಬೇಡ.
ನೆಲ ಬಾಯಾರಿದರೆ ನಿನ್ನ ಮಗನ ಮೂಲಕ ಕುಡಿಯುತ್ತೆ."

ಪೆಟ್ಟಿಗೆಯಲ್ಲಿ ಹೊಸ ಸ್ವಿಚ್ಚು ಕೂರಿಸಿದಳು, ಪುಟ್ಟ ಗುಂಡಿಯದು.
ಹೋದ ಕರೆಂಟು, ಬಂದ ಕರೆಂಟು ಎರಡನ್ನೂ
ಜಿಪುಣ ಅಂಗಡಿಯವನಂತೆ ಎಣಿಸುತ್ತದಂತೆ,
ಚೂರು ಕಮ್ಮಿ ಬಂದರೆ ಟಪ್ಪಂತ ಬಾಗಿಲು ಹಾಕುತ್ತದಂತೆ.
ತಿಂಗಳಿಗೊಮ್ಮೆ ಗುಂಡಿ ಒತ್ತಬೇಕು,
ಎಚ್ಚರವಿದ್ದೀಯಾ ಅಂತ ಕೇಳಬೇಕು.

ಮೀಟರು: ಹದಿನೇಳು.

ಹೊರಡುವಾಗ ಅಡುಗೆಮನೆಯ ಅಡಾಪ್ಟರು ಕಣ್ಣಿಗೆ ಬಿತ್ತು.
ನಾವು ಅದಕ್ಕೆ ಕಳ್ಳ ಅನ್ನುತ್ತೇವೆ,
ಒಂದೇ ಸಾಕೆಟ್ಟಿನಿಂದ ಮೂವರಿಗೆ ಕದ್ದು ಹಂಚುವುದಕ್ಕೆ:
ಕೆಟಲ್ಲು, ಓವನ್ನು, ಚಳಿಗಾಲದ ಹೀಟರು.
ಬಿಳಿ ಪ್ಲಾಸ್ಟಿಕ್ಕು ಒಂದು ಮಗ್ಗುಲಲ್ಲಿ ಕಂದಾಗಿತ್ತು.
ಕೇಳದೆ ಕಿತ್ತು ಜೇಬಿಗಿಳಿಸಿದಳು.
ಬಿಲ್ಲಿನಲ್ಲಿ ಅದರ ಲೆಕ್ಕ ಇರಲಿಲ್ಲ.

ಈಗ ಶನಿವಾರ ಪಾತ್ರೆ ಗಲಬರಿಸಿದ ನೀರು ಪೈಪಿಗೆ.
ಪಕ್ಕದ ಮನೆಯ ಫೆರ್ಮಿನ್ ಗೋಡೆಯಾಚೆಯಿಂದ ಕೇಳಿದ,
"ಅಲ್ಲೇನು ನೆಟ್ಟಿದ್ದೀಯ?"
ತಾಮ್ರ, ಅಂದೆ.
"ಅದನ್ನ ಕೀಳೋರು ನಾವು," ನಕ್ಕ, "ನೆಡೋರಲ್ಲ."

ಒಳಗೆ ಮಗ ಒದ್ದೆ ಕೈಯಲ್ಲಿ ಮಷೀನು ತಬ್ಬಿ
ಕಿವಿ ಹಚ್ಚಿ ನಿಂತಿದ್ದಾನೆ.
ಹಾಡುತ್ತಿಲ್ಲ ಅಂತ ಅಳುತ್ತಾನೆ.