ಎರಡನೇ ಕೌಂಟರು

ಗಾಜಿನಾಗ ಅರ್ಧಚಂದ್ರದ ತೂತು.
ಅದರಾಗಿಂದ ಬರೂದು ಕೈ ಅಷ್ಟ.
ಮಾರಿ ನೋಡಬೇಕಂದ್ರ ನಾ ಬಗ್ಗಬೇಕು, ಇಲ್ಲಾ ಅವರು ಬಗ್ಗಬೇಕು.
ಆರು ವರ್ಷ ಬಗ್ಗಿದವರು ಅವರ.

ನೋಟಿಗೆ ವಾಸನಿ ಇರತೈತಿ.
ಇಳಕಲ್ಲಿಂದ ಬಂದದ್ದು ಕಲ್ಲಿನ ಹುಡಿ,
ಗುಳೇದಗುಡ್ಡದ್ದು ಬಣ್ಣದ ನೀರು,
ಎಪಿಎಂಸಿ ಹಮಾಲರದು ಉಳ್ಳಾಗಡ್ಡಿ.
ಫೋನಿನಾಗ ಕಟ್ಟಿದ್ದಕ್ಕ ವಾಸನಿ ಇಲ್ಲ,
ಟಿಣ್ ಅಂತೈತಿ, ಮುಗೀತು.

ಜೂನ್ ಕಡೀ ಸೋಮವಾರ. ನವನಗರದಾಗ ಕರೆಂಟ್ ಹೋಗಿತ್ತು.
ಒಳಗ ಬಂದ ಕೈ ಮ್ಯಾಲ ಹಂಚು ಸುಟ್ಟ ಕಪ್ಪು ಗೆರಿ,
ಉಗುರ ಸಂದ್ಯಾಗ ಜ್ವಾಳದ ಹಿಟ್ಟು.
ನಿಂಬೆವ್ವ ಅಂಬಿಗೇರ. ಹಿಂದ ಮೊಮ್ಮಗಳು ಸುಗಂಧಾ,
ಬಿ.ಫಾರ್ಮ ಒಂದನೇ ವರ್ಷ,
ಅರ್ಜಿ ಎದಿಗೆ ಅವಚಿಕೊಂಡು, ನೆಲಾ ನೋಡಕೋತ.

"ಎಷ್ಟವಾ?"
"ಅರವತ್ತೆಂಟು ಸಾವಿರದಾ ನಾಕನೂರು."
"ಹಂಗಲ್ಲ. ರೊಟ್ಟಿ ಎಷ್ಟ?"

ಬಸ್ ಸ್ಟ್ಯಾಂಡ್ ಹಿಂದಿನ ಖಾನಾವಳಿಗೆ ಬಡದ ಕೊಡಾಕಿ.
ಹಿಟ್ಟು ಗ್ಯಾಸು ಕಳದು ಒಂದಕ್ಕ ಎರಡ ರೂಪಾಯಿ ಉಳೀತೈತಂತ.
ಕ್ಯಾಲ್ಕುಲೇಟರ್ ಒತ್ತಿದೆ:
ಮೂವತ್ನಾಕು ಸಾವಿರದಾ ಇನ್ನೂರು.
ದಿನಕ್ಕ ಇನ್ನೂರು ಬಡದರ ನೂರಾ ಎಪ್ಪತ್ತೊಂದು ದಿನ.
"ಅಮಾಸಿ ಬಿಟ್ಟು," ಅಂದಳು.
"ಅಮಾಸಿ ಬಿಟ್ಟು," ಅಂದೆ.
"ಒಂದ ವರ್ಷದ್ದು?"
"ಒಂದ ವರ್ಷದ್ದು."

ಆಗ ಬಗ್ಗಿದಳು. ಮಾರಿ ಕಂಡಿತು.
"ಖರೇ ಹೇಳ. ಇದನ್ನ ಕಲತ ಮ್ಯಾಲ
ಇಕೀಗೆ ರೊಟ್ಟಿ ಬಡ್ಯೂದು ತಪ್ಪತೈತೇನು?"

ನಾನೂ ಇಲ್ಲೇ ಕಲತಾಕಿ.
ಅವ್ವನ ಬೋರಮಾಳ ಮೊದಲನೇ ವರ್ಷ, ಪಾಟ್ಲಿ ಎರಡನೇದು,
ಮೂರನೇದಕ್ಕ ಹಳೇ ಬಾಗಲಕೋಟ್ಯಾಗ ನೀರಾಗ ಹೋದ ಮನಿಯ ಪರಿಹಾರ.
ಗೋಡಿ, ತೊಲಿ, ಹಿತ್ತಲ ಬಾಗಲಾ, ತುಳಸಿಕಟ್ಟಿ
ಎಲ್ಲಾ ಸೇರಿ ಎರಡು ಸೆಮಿಸ್ಟರ್ ಆದವು.
ಈಗ ತಿಂಗಳಿಗೆ ಹನ್ನೊಂದೂವರಿ ಸಾವಿರಕ್ಕ
ಮಂದಿ ರೊಕ್ಕಾ ಎಣಸತೇನಿ.
ಆದರೂ ಊಟದ ಬಿಡುವಿನಾಗ
ಹರದ ಚಲನ್ನಿನ ಬೆನ್ನಿಗೆ ಔಷಧದ ಅಣು ಬರೀತೇನಿ.
ಷಟ್ಕೋನ, ಅದರ ಮಗ್ಗಲಾ ಇನ್ನೊಂದು ಷಟ್ಕೋನ.
ಯಾರಿಗೂ ಬೇಕಾಗಿಲ್ಲ.
ಬಿಡಾಕ ಮಾತ್ರ ಆಗವಲ್ದು.

"ಗೊತ್ತಿಲ್ಲ ಆಯಿ," ಅಂದೆ.
ಸಾಲಿನ್ಯಾಗ ಯಾರೋ ಗೊಣಗಿದರು.

ಸುಗಂಧಾ ರಸೀದಿ ಇಸಕೊಂಡು ಓದಿದಳು,
ಆಯಿಗೆ ಕೇಳೂಹಂಗ, ಜೋರಾಗಿ:
ಬೋಧನಾ ಶುಲ್ಕ. ಪ್ರಯೋಗಾಲಯ. ಗ್ರಂಥಾಲಯ. ಕ್ರೀಡೆ.
"ಇತರೆ, ಮೂರು ಸಾವಿರದಾ ಎಂಟನೂರು.
ಇತರೆ ಅಂದ್ರ ಏನ್ರೀ ಮೇಡಂ?"

ಆರು ವರ್ಷದಾಗ ಯಾರೂ ಕೇಳಿರಲಿಲ್ಲ.
ನನ್ನ ರಸೀದಿ ಮ್ಯಾಲೂ ಇತ್ತು, ನಾನೂ ಕೇಳಿರಲಿಲ್ಲ.
ನಾ ಬಾಯಿ ತೆಗ್ಯೂದರಾಗ ಆಕಿ ಕೆಳಗಿನ ಸಾಲಿಗೆ ಇಳದಿದ್ದಳು:
ಠೇವಣಿ, ಎರಡು ಸಾವಿರ,
ಮೂಲ ರಸೀದಿ ತಂದಲ್ಲಿ ಮರಳಿ ಕೊಡಲಾಗುವುದು.
"ಇದಿಷ್ಟ ಏನು ವಾಪಸ್ ಬರೂದು?" ನಿಂಬೆವ್ವ ಕೇಳಿದಳು.
"ಇದಿಷ್ಟ."

ರಸೀದಿನ ರೊಟ್ಟಿ ಮಡಚಿದಂಗ ನಾಕು ಮಡಿಕಿ ಮಾಡಿ
ಎಲಿಅಡಕಿ ಚೀಲದಾಗ ಇಟ್ಟಳು. ಎರಡು ಹೆಜ್ಜಿ ಹೋದಳು.
ತಿರುಗಿ ಬಂದು, ಗಾಜಿಗೆ ಹಣಿ ಹಚ್ಚಿ:
"ಏ ತಂಗಿ, ನಿನ್ನ ಲೆಕ್ಕಾ ತಪ್ಪೇತಿ.
ಹೊತ್ತಿದ್ದು, ಹರದಿದ್ದು ಹಿಡದಿಲ್ಲ ನೀ."

ಹಿಡದಿಲ್ಲ, ಆಯಿ.
ಮುಂದಿನವರು ಬರ್ರಿ.