ಟೇಪು, ಗುಂಡುಸೂಜಿ

ಅಜ್ಮಾನಿನಲ್ಲಿ, ಮೀನು ಮಾರುಕಟ್ಟೆಯ ಹಿಂದಿನ ಓಣಿ.
ಹೊರಗೆ ನಲವತ್ತಾರು ಡಿಗ್ರಿ. ಒಳಗೆ ಏಸಿ
ಮೂಲೆಯ ಬಕೆಟ್ಟಿಗೆ ಹನಿ ಎಣಿಸಿ ಹಾಕುತ್ತಿದೆ.
ಬೋರ್ಡಿನ ಮೇಲೆ ಅರಬನ ಹೆಸರು,
ಅದರಡಿಗೆ: ಸಿನ್ಸ್ ೧೯೯೮.

ಐರಿನ್ ಟೀಚರು ಕೋಟು ತಂದಿದ್ದರು. ಗಂಡನದು.
ಮಗನ ಅಳತೆಗೆ ಹಿಡಿಯಬೇಕು.
ಎಷ್ಟು ಕಾಲವಾಯ್ತು ಮಾಸ್ಟರ್ ಇಲ್ಲಿಗೆ ಬಂದು,
ಇಂಗ್ಲಿಷಿನಲ್ಲಿ ಕೇಳಿದರು.
ನಾನೂ ಬಿಡಲಿಲ್ಲ: ಸಿನ್ಸ್ ಸೆವೆಂಟೀನ್ ಇಯರ್ಸ್, ಮೇಡಂ.

ಮಾಸ್ಟರ್ ಅನ್ನುವುದು ನನ್ನನ್ನು,
ತಿದ್ದುವುದು ಅವರು.
'ಹದಿನೇಳು ವರ್ಷಕ್ಕೆ ಫಾರ್.
ಎರಡು ಸಾವಿರದ ಏಳಕ್ಕೆ ಸಿನ್ಸ್.'

ತಲೆಗೆ ಹೋಗಲಿಲ್ಲ. ನಮ್ಮಲ್ಲಿ
ಹದಿನೇಳು ವರ್ಷದಿಂದ, ಏಳನೇ ಇಸವಿಯಿಂದ,
ಸವಣೂರಿನಿಂದ, ಕತ್ತರಿಯಿಂದ, ನಿನ್ನಿಂದ;
ಒಂದೇ ದಾರ, ಯಾವ ಬಟ್ಟೆಗೂ.

ಅವರು ನನ್ನ ಕೊರಳ ಟೇಪು ಎಳೆದುಕೊಂಡರು:
'ಇದು ಫಾರ್. ಎಲ್ಲಿಂದ ಅಂತ ಕೇಳೋದಿಲ್ಲ,
ಎಷ್ಟು ಅಂತ ಕೇಳುತ್ತೆ.
ಎರಡು ಗಂಟೆ, ಮೂರು ವಾರ, ಒಂದು ವೀಸಾದಷ್ಟು.'
ಗುಂಡುಸೂಜಿ ತೆಗೆದು ಕೋಟಿನ ತೋಳಿಗೆ ಚುಚ್ಚಿದರು:
'ಇದು ಸಿನ್ಸ್. ಉದ್ದ ಇಲ್ಲ ಇದಕ್ಕೆ. ಬರೀ ಜಾಗ.
ಸಿನ್ಸ್ ಸೋಮವಾರ. ಸಿನ್ಸ್ ಈದ್.
ಸಿನ್ಸ್ ಮಾರ್ಚ್ ಹದಿ...'

ಬಕೆಟ್ಟಿಗೆ ಎರಡು ಹನಿ ಬಿತ್ತು.
ಮಾರ್ಚ್ ಎಷ್ಟು ಅಂತ ನಾನು ಕೇಳಲಿಲ್ಲ.
ಒಳಜೇಬಿನಲ್ಲೊಂದು ಪಾರ್ಕಿಂಗ್ ಚೀಟಿ ಇತ್ತು,
ಮೇಜಿನ ಮೇಲಿಟ್ಟೆ.
ಅವರು ತೆಗೆದುಕೊಳ್ಳಲಿಲ್ಲ,
ಬಿಸಾಡಿ ಅಂತಲೂ ಅನ್ನಲಿಲ್ಲ.

ಆಮೇಲೆ ಮತ್ತೆ ಟೀಚರಾದರು:
ಸಿನ್ಸ್ ಅಂದರೆ ಒಮ್ಮೊಮ್ಮೆ 'ಕಾರಣದಿಂದ' ಅಂತಲೂ,
ಫಾರ್ ಅಂದರೆ 'ಗೋಸ್ಕರ' ಅಂತಲೂ ಆಗುತ್ತೆ,
ನೆನಪಿಟ್ಟುಕೊಳ್ಳಿ, ಪರೀಕ್ಷೆಗೆ ಬರುತ್ತೆ.
ಯಾವ ಪರೀಕ್ಷೆ ಅಂತ ಇಬ್ಬರಿಗೂ ಹೊಳೆಯದೆ
ನಕ್ಕೆವು, ಸ್ವಲ್ಪ.

ರಾತ್ರಿ ಶಟರ್ ಎಳೆದು ಒಬ್ಬನೇ ಪಾಠ ಒಪ್ಪಿಸಿದೆ.
ಫಾರ್ ಸೆವೆಂಟೀನ್ ಇಯರ್ಸ್.
ಫಾರ್ ಬೀಬಿಜಾನ್. ಫಾರ್ ಅವಳ ತಮ್ಮನ ಆಟೊ.
ಫಾರ್ ಹಾವೇರಿ ರಸ್ತೆಯ ಮೂವತ್ತು-ನಲವತ್ತು ಸೈಟು.
ಅರವತ್ತು ಇಂಚಿಗೆ ಟೇಪು ಮುಗಿಯಿತು,
ತಿರುಗಿಸಿ ಹಿಡಿದೆ. ಫಾರ್ ನನಗೆ ಬರುತ್ತದೆ.

ಸಿನ್ಸ್ ಬರಲಿಲ್ಲ.
ವರ್ಷ ಗೊತ್ತು, ದಿನ ಗೊತ್ತಿಲ್ಲ.
ಬಂದಿಳಿದ ದಿನದ ಮೊಹರು ಪಾಸ್‌ಪೋರ್ಟಿನಲ್ಲಿದೆ,
ಪಾಸ್‌ಪೋರ್ಟು ಅರಬನ ಕಪಾಟಿನಲ್ಲಿದೆ.

ಕೋಟು ಬಿಚ್ಚಿದೆ. ಹಿಡಿದೆ. ಹೊಲಿದೆ.
ಒಳಗೆ ಒಂದೂವರೆ ಇಂಚು ಕತ್ತರಿಸದೆ ಬಿಟ್ಟೆ,
ಹುಡುಗ ಅಗಲವಾಗುತ್ತಾನೆ.
ಪಾರ್ಕಿಂಗ್ ಚೀಟಿ ಇದ್ದ ಜೇಬಿಗೇ ಹೋಯಿತು.
ತೋಳಿನ ಸೂಜಿಯನ್ನು ಕೊನೆಗೆ ತೆಗೆದೆ.

ಬಿಲ್ಲು ಬರೆದೆ: ಕೋಟು, ಒಂದು. ದಿರಹಂ ನಲವತ್ತು.
ಕೆಳಗೆ ಫಾರ್ ಅಂತ ಬರೆದು
ಪೆನ್ನು ಎತ್ತಿ ಹಿಡಿದುಕೊಂಡೆ.
ಆ ಹುಡುಗನ ಹೆಸರು ಕೇಳಿರಲಿಲ್ಲ.