ನಲವತ್ತೊಂದು ವರ್ಷ, ತೊಂಬತ್ತಾರು ನಿಮಿಷ

ಸಿನಿಮಾ ಮುಗಿದು ದೀಪ ಹತ್ತಿದಾಗ
ಯಾರೂ ಏಳಲಿಲ್ಲ. ಕೆಮಿಯಲ್ಲಿ ಇದನ್ನು
ಚಪ್ಪಾಳೆ ಎಂದೇ ತಿಳಿಯಬೇಕು.
ಟಿಕೆಟ್ ಹರಿಯುವವಳು ನಾನು, ಕಾಫಿ ಕಾಸುವವಳೂ ನಾನೇ;
ನೂರಾ ಹನ್ನೆರಡು ಕುರ್ಚಿಗೆ ನೂರಾ ಮೂವತ್ತು ಜನ,
ಮಿಕ್ಕವರು ಮೆಟ್ಟಿಲ ಮೇಲೆ, ಮಡಿಲಲ್ಲಿ ಒದ್ದೆ ಕೈಗವಸು,
ಎದೆಯ ಮೇಲೆ ಒಗೆದೊಗೆದು ಬಿಳಚಿದ ಅದೇ ಕಪ್ಪಂಗಿ:
ಕೊಡಲಿಕಾವು.

ಕಾಗದದ ಗಿರಣಿಯ ರಾತ್ರಿಪಾಳಿಯಲ್ಲಿ ನಾಲ್ವರು ಹುಡುಗರು
ಇಟ್ಟುಕೊಂಡ ಹೆಸರು. ಗಿರಣಿ ಮುಚ್ಚಿತು, ಹೆಸರು ಉಳಿಯಿತು.
ನಾವು ಕುಲಕ್ಕೆ ಮೃತ್ಯುವಲ್ಲ, ಕುಲದ ಕಿವಿಗೆ ಮಾತ್ರ
ಅಂತ ಒಮ್ಮೆ ರೇಡಿಯೊದಲ್ಲಿ ನಕ್ಕಿದ್ದ ಹಾಡುಗಾರ ಓಸ್ಮೊ.
ಅದು ಸಿನಿಮಾದಲ್ಲಿ ಇರಲಿಲ್ಲ.

ಇರಲಿಲ್ಲ, ಇರಲಿಲ್ಲ. ಕಾಫಿಯ ಸಾಲಿನಲ್ಲಿ ಶುರುವಾಯಿತು ನೋಡಿ.
ವ್ಯಾನು ನೀಲಿಯಲ್ಲ, ಹಸಿರು, ಎಂದ ತೌನೊ,
ಹಿಮದಲ್ಲಿ ಅದನ್ನು ತಳ್ಳಿದವನು ನಾನು,
ಬಣ್ಣ ಬೇಕಾದರೆ ನನ್ನ ಬೆನ್ನನ್ನು ಕೇಳಿ.
ಮತ್ತೆ ಇಲ್ಪೊ? ನಾಲ್ಕು ವರ್ಷ ಬೇಸ್ ನುಡಿಸಿದ ಇಲ್ಪೊ
ಒಂದು ಫೋಟೋದ ಅಂಚಿನಲ್ಲಿ ಬರೀ ಮೊಣಕೈ!
ಆ ಮೊಣಕೈಯ ಹೆಂಡತಿ ಐದನೇ ಸಾಲಿನಲ್ಲಿದ್ದಳು.
ಚೆನ್ನಾಗಿ ಬಂದಿದೆ ಮೊಣಕೈ, ಅಂದಳು, ಹಾಲು ಬೇಡ ಅಂದಳು.

ಔಲುವಿನಿಂದ ಬಸ್ಸಿನಲ್ಲಿ ಬಂದ ಹುಡುಗಿಗೆ ಹತ್ತೊಂಬತ್ತಿರಬಹುದು,
ಕಣ್ಣ ಕಾಡಿಗೆ ಕೆನ್ನೆಯವರೆಗೆ ಇಳಿದಿತ್ತು.
ಓಸ್ಮೊ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟು
ಗಿಟಾರಿನ ಮರಕ್ಕೆ ಹಲ್ಲು ಕಚ್ಚಿ ಶ್ರುತಿ ಮಾಡಿದನಲ್ಲ,
ಆಗ ನಿಮಗೇನೂ ಅನ್ನಿಸಲಿಲ್ಲವಾ?
ಸೆಪ್ಪೊ ಬಹಳ ಹೊತ್ತು ಯೋಚಿಸಿ, ಪರವಾಗಿಲ್ಲ, ಎಂದ.
ಪಕ್ಕದಲ್ಲಿ ಯೊರ್ಮ ತಲೆಯಾಡಿಸಿದ. ಈ ಇಬ್ಬರಿಗೆ
ತೊಂಬತ್ತೆಂಟರಿಂದ ಮಾತಿಲ್ಲ: ಆ ವರ್ಷದ ಆಲ್ಬಮ್ಮಿಗೆ ಕೀಬೋರ್ಡ್ ಸೇರಿತ್ತು,
ಒಬ್ಬನಿಗದು ಅಮೃತ, ಇನ್ನೊಬ್ಬನಿಗೆ ಹಾಲಿಗೆ ಬಿದ್ದ ಹುಳಿ.
ತಟ್ಟೆಯಲ್ಲಿ ಉಳಿದ ಒಂದೇ ಬನ್ನಿಗೆ ಇಬ್ಬರೂ ಕೈ ಚಾಚಿ
ಇಬ್ಬರೂ ಹಿಂದಕ್ಕೆಳೆದುಕೊಂಡರು.

ಆಮೇಲೆ ತೌನೊನೇ ತೆಗೆದ ಆ ಮಾತು:
ಎಂಬತ್ತಾರರ ಬಂದರು ಕಾರ್ಯಕ್ರಮ,
ಊರಿಗೆ ಊರೇ ವೇದಿಕೆಗೆ ಬಾಯಿ ತೆರೆದು ನಿಂತಿರುವಾಗ
ಹಳದಿ ಕೋಟಿನ ಒಬ್ಬಳು ಬೆನ್ನು ಕೊಟ್ಟು ನಿಂತಿದ್ದಾಳೆ!
ಅಲ್ಲಿ ಓಸ್ಮೊ ಗಂಟಲು ಹರಿದುಕೊಳ್ಳುತ್ತಿದ್ದಾನೆ,
ಇವಳಿಗೆ ಕಡಲು ನೋಡಬೇಕೆ? ಯಾರ ಮನೆಯವಳಪ್ಪಾ?
ಯಾರೋ, ಅಂದೆ. ಸಕ್ಕರೆ ಬೇಕಾ?

ಮೂವತ್ತೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ
ಆ ರಾತ್ರಿ ನಾನಲ್ಲಿದ್ದೆ, ಮೂರನೇ ಸಾಲು,
ರೈಮೊ ಮುರಿದ ಡ್ರಮ್ಮಿನ ಕಡ್ಡಿ ನನ್ನ ಕಾಲ ಬಳಿ ಬಿತ್ತು.
ಇದ್ದೆ, ಸುಳ್ಳಲ್ಲ. ಕಡ್ಡಿಯೂ ಇದೆ, ಚಮಚಗಳ ಡ್ರಾಯರಿನಲ್ಲಿ.
ಕೋಟು ಅಕ್ಕನದು, ಕೇಳದೆ ತೊಟ್ಟದ್ದು.

ಎಲ್ಲರೂ ಹೋದ ಮೇಲೆ ಸಿನಿಮಾ ಬಿಡುವ ಅಂತೆರೊಗೆ ಹೇಳಿದೆ,
ನಲವತ್ತನೇ ನಿಮಿಷ ಇನ್ನೊಮ್ಮೆ ಹಾಕು.
ಯಾಕೆ ಅಂತ ಅವನು ಕೇಳಲಿಲ್ಲ.
ಮೂರು ಸೆಕೆಂಡು. ಹದಿನೇಳರ ನಾನು,
ಕೂದಲು ಮುಖಕ್ಕೆ ಹಾರಿ, ಚೌಕಟ್ಟಿನಾಚೆ ಏನನ್ನೋ
ಎವೆಯಿಕ್ಕದೆ ನೋಡುತ್ತಿದ್ದೇನೆ.
ಹಡಗೋ, ಹುಡುಗನೋ, ಹೊತ್ತು ಮುಳುಗದ ಜೂನಿನ
ಆ ಪೆದ್ದು ಬೆಳಕೋ.
ಇನ್ನೊಮ್ಮೆ, ಅಂದೆ. ಇನ್ನೊಮ್ಮೆ.
ಅದೂ ಸಿನಿಮಾದಲ್ಲಿ ಇರಲಿಲ್ಲ.

ಬನ್ನು ತಟ್ಟೆಯಲ್ಲೇ ಒಣಗಿತ್ತು.
ಮುರಿದು ಅರ್ಧ ಅಂತೆರೊಗೆ ಕೊಟ್ಟೆ.